ಕುಸಿಯುವ ಶ್ವಾಸನಾಳ

ಜಮಖಂಡಿಯ ಬಳಿ ಕೃಷ್ಣೆಯ ದಂಡೆಯಲ್ಲಾಗಲಿ, ಮುಧೋಳದ ಬಳಿ ಘಟಪ್ರಭೆಯ ದಂಡೆಯಲ್ಲಾಗಲಿ ಕಬ್ಬಿನ ಹೊಲಗಳಿಗೆ ನೀರೆತ್ತುವ ಪಂಪುಗಳನ್ನು ಆ ಭಾಗದ ವಾಚಕರು ನೋಡಿಯೇ ಇರುತ್ತಾರೆ. ಪಂಪಿಗೆ ಎರಡು ಬಗೆಯ ಕೊಳವೆಗಳನ್ನು ಜೋಡಿಸುವುದುಂಟು. ಪಂಪಿನಿಂದ ಹೊಲಕ್ಕೆ ನೀರನ್ನು ಒಯ್ಯುವ ಕೊಳವೆ ತೆಳ್ಳಗಿದ್ದರೂ ನಡೆಯುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಬಟ್ಟೆಯಂತೆ ಸುತ್ತಿಡಬಹುದು. ಹೊಳೆಯಿಂದ ಪಂಪಿಗೆ ನೀರನ್ನು ಹೀರುವ ಕೊಳವೆ ಮಾತ್ರ ಹಾಗಿರಕೂಡದು. ಅದರ ಗೋಡೆಯಲ್ಲಿ ಉದ್ದಕ್ಕೂ ಸುರುಳಿಯಾಗಿ ಸುತ್ತಿದ ಗಟ್ಟಿಯಾದ ಏಣುಗಳಿರುತ್ತವೆ. ಪಂಪು ನೀರನ್ನು ಹೀರುವಾಗ ಕೊಳವೆಯ ಒಳಗಿನ ಒತ್ತಡವು ಹೊರಗಿನ ವಾಯುಭಾರಕ್ಕಿಂತ ಕಡಿಮೆಯಾಗುತ್ತದೆ. ಹೊರಗಿನ ಭಾರ ಗೋಡೆಯನ್ನು ಒಳಕ್ಕೆ ಒತ್ತುತ್ತದೆ. ಏಣುಗಳು ಈ ಒತ್ತಡವನ್ನು ತಡೆದು ನಿಲ್ಲುತ್ತವೆ.

ಹಳೆಯದಾದ ಒಂದು ಹೀರುಗೊಳವೆಯಲ್ಲಿ ಒಂದು ಮೊಳದಷ್ಟು ಉದ್ದಕ್ಕೆ ಈ ಏಣುಗಳು ಮುರಿದಿವೆ ಎಂದು ಭಾವಿಸೋಣ. ಪಂಪು ಓಡತೊಡಗಿದೊಡನೆ ಆ ಭಾಗ ಚಪ್ಪಟೆಯಾಗುತ್ತದೆ, ನೀರು ಸೊರಗುತ್ತದೆ. ರೈತನು ಪಂಪನ್ನು ನಿಲ್ಲಿಸಿ ಬಂದು ನೋಡಿದರೆ ಕೊಳವೆ ಮತ್ತೆ ಗುಂಡಗಾಗಿರುತ್ತದೆ. ಎಲ್ಲಿಯೂ ಒಡೆದಿಲ್ಲ, ಒಳಗೆ ಕಸ ಸಿಕ್ಕಿಲ್ಲ. ದೋಷವನ್ನು ಕಾಣಬೇಕಾದರೆ ಪಂಪು ಓಡುತ್ತಿರುವಾಗಲೇ ಕೊಳವೆಯನ್ನು ನೋಡಬೇಕು.

ಮನುಷ್ಯನ ಎದೆಯೊಳಗೂ ಇಂತಹುದೇ ಒಂದು ಕೊಳವೆ ಇದೆ. ಅದಕ್ಕೂ ಇಂತಹುದೇ ಒಂದು ದೋಷ ತಗಲಬಹುದು. ಅದನ್ನು ವೈದ್ಯಶಾಸ್ತ್ರದಲ್ಲಿ 'ಟ್ರೇಕಿಯೋಮಲೇಶಿಯ' ಎಂದು ಕರೆಯುತ್ತಾರೆ. ಶ್ವಾಸನಾಳವು ಮೆತ್ತಗಾಗುವುದು ಎಂದು ಇದರ ಅರ್ಥ. ಕೆಲವು ಶಿಶುಗಳಲ್ಲಿ ಈ ಮೆದುತನ ಹುಟ್ಟಿನಿಂದಲೇ ಇರುತ್ತದೆ. ಅವುಗಳಲ್ಲಿ ಬಹುಪಾಲಿಗೆ ಎರಡು ವರ್ಷ ತುಂಬುವ ಹೊತ್ತಿಗೆ ನಾಳ ತಾನಾಗಿಯೇ ಬಲಗೊಳ್ಳುತ್ತದೆ. ನಾವು ಇಲ್ಲಿ ವಿಚಾರಿಸಬೇಕೆಂದಿರುವುದು ಹುಟ್ಟುವಾಗ ಚೆನ್ನಾಗಿದ್ದು ಮುಂದೆ ಎಂದೋ ದುರ್ಬಲವಾದ ಶ್ವಾಸನಾಳವನ್ನು. ಇದು ತಾನಾಗಿ ಸರಿಹೋಗುವುದು ಅಪರೂಪ. ಇದರ ಲಕ್ಷಣಗಳು ದಮ್ಮಿನ ಲಕ್ಷಣಗಳನ್ನೇ ಹೋಲುವುದರಿಂದ, ಎಷ್ಟೋ ರೋಗಿಗಳು ವರ್ಷಗಟ್ಟಲೆ ದಮ್ಮಿನ ಔಷಧವನ್ನೇ ಸೇವಿಸುತ್ತ ಗುಣ ಕಾಣದೆ ಇರುತ್ತಾರೆ.

ಶ್ವಾಸನಾಳದ ರಚನೆಯನ್ನು ಮೊದಲು ತಿಳಿಯೋಣ. ಧ್ವನಿಪೆಟ್ಟಿಗೆಯ ಕೆಳಗೆ ಆರಂಭವಾಗಿ ಎದೆಯ ನಡುವೆ ಎರಡು ಕವಲಾಗುವ ಈ ನಾಳವು ಬೆಳೆದವರಲ್ಲಿ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದ, ಸುಮಾರು 2 ಸೆಂಟಿಮೀಟರ್ ಅಗಲ ಇರುತ್ತದೆ. ಇದರ ಮೇಲಿನ ಭಾಗ ಕುತ್ತಿಗೆಯಲ್ಲಿಯೂ ಕೆಳಗಿನ ಭಾಗ ಎದೆಗೂಡಿನಲ್ಲಿಯೂ ಇದೆ. ಕೊರಳಿನ ಮುಂಭಾಗವನ್ನು ಬೆರಳಿನಿಂದ ಮೆಲ್ಲನೆ ಸವರಿದರೆ ಒಂದರ ಕೆಳಗೊಂದು ಏಣುಗಳು ಕೈಗೆ ತಗಲುತ್ತವೆ. ಇವು ಮೃದ್ವಸ್ಥಿಯ ಬಳೆಗಳು. ಒಟ್ಟು 16ರಿಂದ 20ರವರೆಗೆ ಇರುತ್ತವೆ. ಇವು ಪೂರ್ಣವಾದ ಬಳೆಗಳಲ್ಲ. ಕುದುರೆಯ ಲಾಳದಂತೆ ಹಿಂಭಾಗದಲ್ಲಿ ತೆರೆದಿರುತ್ತವೆ. ಆ ತೆರಪನ್ನು ಸ್ನಾಯುವಿನಿಂದ ಕೂಡಿದ ಒಂದು ಮೆದುವಾದ ಪೊರೆ ಮುಚ್ಚುತ್ತದೆ. ಅದರ ಹಿಂದೆಯೇ ಅನ್ನನಾಳ ಇರುವುದು.

ಮೃದ್ವಸ್ಥಿಯ ಒಂದು ಗುಣವನ್ನು ಇಲ್ಲಿ ನೆನಪಿಡಬೇಕು. ಅದರೊಳಗೆ ರಕ್ತನಾಳಗಳಿಲ್ಲ. ತನ್ನನ್ನು ಹೊದ್ದಿರುವ ತೆಳುಪೊರೆಯ ರಕ್ತನಾಳಗಳಿಂದ ಒಸರಿ ಬರುವ ಆಹಾರದಿಂದಲೇ ಅದು ಬದುಕುತ್ತದೆ. ಆ ಪೊರೆಗೆ ಪೆಟ್ಟಾದರೆ ಮೃದ್ವಸ್ಥಿ ಉಪವಾಸ ಬೀಳುತ್ತದೆ. ಒಮ್ಮೆ ಸತ್ತ ಮೇಲೆ ಮೊದಲಿನಂತೆ ಮತ್ತೆ ಬೆಳೆಯುವುದಿಲ್ಲ.

ಪಂಪಿನ ಕೊಳವೆ ನೀರನ್ನು ಹೀರುವಾಗ ಕುಸಿಯುತ್ತದೆ ಎಂದೆವು. ಶ್ವಾಸನಾಳದಲ್ಲಿ ಎದೆಯೊಳಗಿನ ಭಾಗ ಕುಸಿಯುವುದು ಉಸಿರನ್ನು ಹೊರಬಿಡುವಾಗ. ಇದು ಮೇಲುನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ನಾವು ಉಸಿರನ್ನು ಒಳಗೆಳೆಯುವಾಗ ಎದೆಗೂಡು ಹಿಗ್ಗುತ್ತದೆ. ಅದರೊಳಗಿನ ಒತ್ತಡ ಇಳಿದು, ಅಲ್ಲಿರುವ ನಾಳದ ಗೋಡೆಗಳು ಹೊರಕ್ಕೆ ಸೆಳೆಯಲ್ಪಡುತ್ತವೆ. ಬಲವಾಗಿ ಊದಿದಾಗ ಅಥವಾ ಕೆಮ್ಮಿದಾಗ ಎದೆ ಮತ್ತು ಹೊಟ್ಟೆಯ ಸ್ನಾಯುಗಳು ಎದೆಗೂಡನ್ನು ಹಿಂಡುತ್ತವೆ. ಆ ಒತ್ತಡ ಶ್ವಾಸಕೋಶದ ಮೇಲೆ ಬೀಳುವಂತೆಯೇ ಶ್ವಾಸನಾಳದ ಹೊರಮೈಯ ಮೇಲೂ ಬೀಳುತ್ತದೆ. ನಾಳದ ಒಳಗಿನ ಗಾಳಿಯ ಒತ್ತಡವಾದರೋ, ಶ್ವಾಸಕೋಶದಿಂದ ಬಾಯಿಯ ಕಡೆಗೆ ಹರಿದು ಬರುತ್ತ ದಾರಿಯಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಯುತ್ತ ಹೋಗಿ, ಬಾಯಿಯ ಬಳಿ ಹೊರಗಿನ ವಾಯುಭಾರಕ್ಕೆ ಸಮನಾಗುತ್ತದೆ. ಹಾಗಾದರೆ ದಾರಿಯಲ್ಲಿ ಎಲ್ಲಿಯೋ ಒಂದು ಕಡೆ ಒಳಗಿನ ಒತ್ತಡವೂ ಹೊರಗಿನ ಒತ್ತಡವೂ ಸಮನಾಗಲೇಬೇಕು. ಅಲ್ಲಿಂದ ಮುಂದೆ, ಎದೆಗೂಡನ್ನು ದಾಟುವವರೆಗೆ, ಹೊರಗಿನದೇ ಮೇಲುಗೈ. ಆ ಭಾಗದಲ್ಲಿ ನಾಳವನ್ನು ತೆರೆದಿಡುವ ಹೊಣೆ ಬಳೆಗಳ ಮತ್ತು ಹಿಂದಿನ ಪೊರೆಯ ಬಿಗಿತದ ಮೇಲೆ ಬೀಳುತ್ತದೆ. ಕುತ್ತಿಗೆಯ ಭಾಗದಲ್ಲಿ ಸ್ಥಿತಿ ಇದಕ್ಕೆ ವಿಪರೀತ. ಅಲ್ಲಿನ ನಾಳ ಮೆತ್ತಗಾಗಿದ್ದರೆ, ಥೇಟು ಪಂಪಿನ ಕೊಳವೆಯಂತೆ, ಉಸಿರನ್ನು ಒಳಗೆಳೆಯುವಾಗ ಕುಸಿಯುತ್ತದೆ.

ಸ್ವಲ್ಪಮಟ್ಟಿನ ಇಕ್ಕಟ್ಟು ರೋಗವಲ್ಲ. ಕೆಮ್ಮುವಾಗ ಆರೋಗ್ಯವಂತನ ನಾಳದ ಹಿಂದಿನ ಪೊರೆಯೂ ಒಳಕ್ಕೆ ಬಾಗಿ ದಾರಿಯನ್ನು ಕಿರಿದಾಗಿಸುತ್ತದೆ. ದಾರಿ ಕಿರಿದಾದಾಗ ಗಾಳಿಯ ವೇಗ ಹೆಚ್ಚುತ್ತದೆ. ಆ ವೇಗವೇ ಕಫವನ್ನು ಕಿತ್ತು ಮೇಲಕ್ಕೆಸೆಯುತ್ತದೆ. ಆದರೆ ಗೋಡೆಗಳು ಒಂದಕ್ಕೊಂದು ತಾಗುವಷ್ಟು ಕುಸಿದರೆ ಗಾಳಿಯೂ ನಿಂತಿತು, ಕಫವೂ ಅಲ್ಲಿಯೇ ಉಳಿಯಿತು. ಕೊಳವೆಯಲ್ಲಿ ದ್ರವಗಳ ಹರಿವನ್ನು ಅಭ್ಯಸಿಸಿದ ಫ್ರಾನ್ಸಿನ ವೈದ್ಯ ಪ್ವಾಸೆಯ್ ಕಂಡುಹಿಡಿದ ನಿಯಮವನ್ನು ಕಾಲೇಜು ವಿದ್ಯಾರ್ಥಿಗಳು ಓದಿರುತ್ತಾರೆ. ಅದರ ಪ್ರಕಾರ, ಶಾಂತವಾದ ಹರಿವಿನಲ್ಲಿ ಕೊಳವೆಯ ವ್ಯಾಸ ಅರ್ಧವಾದರೆ ತಡೆ 16 ಪಟ್ಟಾಗುತ್ತದೆ. ಶ್ವಾಸನಾಳದಲ್ಲಿ ಗಾಳಿ ಸುಳಿಸುಳಿಯಾಗಿ ಹರಿಯುವುದರಿಂದ ತಡೆ ಇನ್ನೂ ಹೆಚ್ಚು. ರೋಗಿ ಹೆಚ್ಚು ಬಲ ಹಾಕಿದಷ್ಟೂ ಎದೆಯ ಒತ್ತಡ ಹೆಚ್ಚಿ ನಾಳ ಇನ್ನಷ್ಟು ಕುಸಿಯುತ್ತದೆ.

ಬಲವಾಗಿದ್ದ ನಾಳ ದುರ್ಬಲವಾಗಲು ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದ ಒಂದು ಕಾರಣ, ಜೀವವನ್ನು ಉಳಿಸಿದ ಚಿಕಿತ್ಸೆಯೇ ಆಗಿರುವುದು ವಿಷಾದದ ಸಂಗತಿ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿತು. ಉಸಿರಾಟದ ಸ್ನಾಯುಗಳು ಸೋತುಹೋದ ರೋಗಿಗಳ ಕುತ್ತಿಗೆಯಲ್ಲಿ ರಂಧ್ರ ಮಾಡಿ, ಶ್ವಾಸನಾಳಕ್ಕೆ ಕೊಳವೆ ತೂರಿಸಿ, ಚೀಲವನ್ನು ಕೈಯಿಂದ ಹಿಸುಕಿ ಗಾಳಿ ಕೊಡುವ ಉಪಾಯವನ್ನು ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ಹೂಡಿದರು. ವೈದ್ಯವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳೂ ಕುಳಿತು ಚೀಲ ಹಿಸುಕಿದರು. ಮುಂದೆ ಈ ಕೆಲಸವನ್ನು ಯಂತ್ರಗಳು ವಹಿಸಿಕೊಂಡವು. ಊದಿದ ಗಾಳಿ ಪಕ್ಕದಿಂದ ಸೋರಿಹೋಗದಂತೆ ಕೊಳವೆಯ ತುದಿಯ ಬಳಿ ಒಂದು ಪುಟ್ಟ ಬುಗ್ಗೆಯನ್ನು ಉಬ್ಬಿಸಿಡುವುದು ರೂಢಿಯಾಯಿತು. ಅಂದಿನ ಬುಗ್ಗೆಗಳು ಚಿಕ್ಕವು, ಬಿರುಸಾದವು. ಅವು ನಾಳದ ಗೋಡೆಯನ್ನು ಒತ್ತಿ ಹಿಡಿದಾಗ ಒಳಪೊರೆಯ ಸೂಕ್ಷ್ಮ ರಕ್ತನಾಳಗಳು ಬತ್ತಿ, ಕೆಳಗಿನ ಮೃದ್ವಸ್ಥಿ ಸತ್ತು ಕರಗುತ್ತಿತ್ತು. ಯಂತ್ರದಿಂದ ಬಿಡುಗಡೆ ಹೊಂದಿ ಮನೆಗೆ ಹೋದ ರೋಗಿ ಕೆಲವು ವಾರಗಳ ಬಳಿಕ ಉಸಿರುಕಟ್ಟಿ ಹಿಂದಿರುಗುತ್ತಿದ್ದನು. ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಯಲ್ ಕೂಪರ್ ಮತ್ತು ಹರ್ಮಿಸ್ ಗ್ರಿಲ್ಲೋ ಎಂಬ ಶಸ್ತ್ರವೈದ್ಯರು ಈ ಹಾನಿ ಹಂತಹಂತವಾಗಿ ಹೇಗೆ ಬೆಳೆಯುತ್ತದೆಂಬುದನ್ನು 1969ರಲ್ಲಿ ಪ್ರಕಟಿಸಿದರು. ಅಗಲವಾಗಿ ಹರಡಿಕೊಂಡು ಕಡಿಮೆ ಒತ್ತಡದಲ್ಲಿಯೇ ದಾರಿಯನ್ನು ಮುಚ್ಚುವ ಮೆದು ಬುಗ್ಗೆಗಳು ಬಳಕೆಗೆ ಬಂದುದು ಇಂತಹ ಅಧ್ಯಯನಗಳ ಫಲ. ಇಂದು ಬುಗ್ಗೆಯ ಒತ್ತಡವನ್ನು 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದೊಳಗೆ ಇರಿಸಿ, ಆಗಾಗ ಅಳೆದು ನೋಡಬೇಕೆಂಬುದು ನಿಯಮ. ಬುಗ್ಗೆ ಮೆದುವಾದರೂ ಅತಿಯಾಗಿ ಉಬ್ಬಿಸಿದರೆ, ಅಥವಾ ಬಹುದಿನ ಹಾಗೆಯೇ ಇರಿಸಬೇಕಾಗಿ ಬಂದರೆ, ಹಾನಿ ಆಗಿಯೇ ಆಗಬಹುದು.

ಜಮಖಂಡಿ, ಮುಧೋಳ, ಬೀಳಗಿಗಳಂತಹ ಬೇಸಾಯದ ನಾಡಿನಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವಿದೆ. ಬೆಳೆಗೆ ಸಿಂಪಡಿಸುವ ರಂಜಕಯುಕ್ತ ಕೀಟನಾಶಕಗಳ ವಿಷ ದೇಹಕ್ಕೆ ಸೇರಿದರೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ನಾಗರಹಾವು, ಕಟ್ಟುಹಾವುಗಳ ವಿಷದಿಂದಲೂ ಹಾಗೆಯೇ. ಇಂತಹವರನ್ನು ಯಂತ್ರದ ಉಸಿರೇ ಬದುಕಿಸಬೇಕು. ಅದಕ್ಕೆ ಹೆದರಿ ಆಸ್ಪತ್ರೆಗೆ ಒಯ್ಯಲು ತಡಮಾಡುವುದು ಹುಚ್ಚುತನವೇ ಸರಿ. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ವಾರಗಟ್ಟಲೆ ಯಂತ್ರಕ್ಕೆ ಜೋಡಿಸಲ್ಪಟ್ಟು ಬದುಕಿ ಬಂದವರೂ ಇದ್ದಾರೆ. ಹೀಗೆ ಬದುಕಿ ಬಂದವನಿಗೆ ಮುಂದೆ ಉಸಿರಿನಲ್ಲಿ ಸದ್ದು ಕಾಣಿಸಿಕೊಂಡರೆ, ದಮ್ಮು ಎಂದು ತೀರ್ಮಾನಿಸುವ ಮೊದಲು ಶ್ವಾಸನಾಳವನ್ನು ಪರೀಕ್ಷಿಸಬೇಕು. ಅಲ್ಲಿ ಗಾಯ ಮಾಗಿ ನಾಳವೇ ಶಾಶ್ವತವಾಗಿ ಕಿರಿದಾಗಿರಬಹುದು, ಅಥವಾ ಮೆತ್ತಗಾಗಿ ಕುಸಿಯುತ್ತಿರಬಹುದು, ಎರಡೂ ಕೂಡಿರುವುದುಂಟು.

ಎರಡನೆಯ ಕಾರಣ ಹೊರಗಿನಿಂದ ಬೀಳುವ ಬಹುಕಾಲದ ಒತ್ತಡ. ಕುತ್ತಿಗೆಯಲ್ಲಿ ದೊಡ್ಡ ಗಳಗಂಡ ಹತ್ತಾರು ವರ್ಷ ಬೆಳೆದು ನಾಳವನ್ನು ಒತ್ತುತ್ತಿದ್ದರೆ ಬಳೆಗಳು ಸವೆದು ತೆಳುವಾಗುತ್ತವೆ. ಚೋದ್ಯವೆಂದರೆ, ಆ ಗಳಗಂಡವೇ ಸುತ್ತಲಿನಿಂದ ನಾಳಕ್ಕೆ ಆಸರೆಯೂ ಆಗಿರಬಹುದು. ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆದೊಡನೆ ಆಸರೆ ತಪ್ಪಿ ನಾಳ ಕುಸಿಯಬಹುದೆಂದು, ನುರಿತ ವೈದ್ಯರು ಉಸಿರಿನ ಕೊಳವೆಯನ್ನು ಅವಸರದಿಂದ ಹೊರತೆಗೆಯುವುದಿಲ್ಲ. ಗಳಗಂಡದ ನಿವಾರಣೆಗಾಗಿ ಭಾರತ ಸರ್ಕಾರ 1962ರಲ್ಲಿ ಒಂದು ಯೋಜನೆಯನ್ನು ಕೈಗೊಂಡಿತು. ಅಯೋಡಿನ್ ಬೆರೆತ ಉಪ್ಪು ನಮ್ಮ ಅಡುಗೆಮನೆಗೆ ಬಂದ ಕಥೆ ಅಲ್ಲಿಂದ ಮೊದಲಾಗುತ್ತದೆ.

ಮೂರನೆಯದು ಹೊಗೆ ಮತ್ತು ದೀರ್ಘಕಾಲದ ಕೆಮ್ಮು. ಬೀಡಿ ಸಿಗರೇಟುಗಳ ಹೊಗೆಯನ್ನು ವರ್ಷಾನುವರ್ಷ ಸೇದಿದವರಲ್ಲಿ ಶ್ವಾಸಮಾರ್ಗ ಊದಿಕೊಂಡು, ನಾಳದ ಹಿಂದಿನ ಪೊರೆಯ ಸ್ಥಿತಿಸ್ಥಾಪಕ ತಂತುಗಳು ಸಡಿಲವಾಗುತ್ತವೆ. ಇಲ್ಲಿ ಬಳೆಗಳು ಗಟ್ಟಿಯಾಗಿದ್ದರೂ ಪೊರೆ ಜೋಲುಬಿದ್ದು, ಉಸಿರು ಬಿಟ್ಟಾಗಲೆಲ್ಲ ಒಳಕ್ಕೆ ಉಬ್ಬಿ ದಾರಿಗೆ ಅಡ್ಡವಾಗುತ್ತದೆ. ಇದನ್ನು ಕೆಲವು ತಜ್ಞರು ಬೇರೆಯೇ ಒಂದು ಸ್ಥಿತಿಯೆಂದು ಎಣಿಸುತ್ತಾರೆ. ರೋಗಿಯ ಸಂಕಟ ಮಾತ್ರ ಎರಡರಲ್ಲಿಯೂ ಒಂದೇ. ಗಾಳಿಯಾಡದ ಅಡುಗೆಮನೆಯಲ್ಲಿ ಕಟ್ಟಿಗೆಯ ಒಲೆ ಊದುವ ಹೆಂಗಸರ ಶ್ವಾಸಕೋಶಕ್ಕೂ ಹೊಗೆಯ ಹಾನಿ ತಪ್ಪಿದ್ದಲ್ಲ. ರಬಕವಿ, ಬನಹಟ್ಟಿಗಳ ಮಗ್ಗದ ಮನೆಗಳಲ್ಲಿ ಹತ್ತಿಯ ಧೂಳಿನ ಪ್ರಶ್ನೆಯೂ ಏಳುತ್ತದೆ. ಹತ್ತಿಯ ಧೂಳು ಎದೆಬಿಗಿತವನ್ನೂ ಕೆಮ್ಮನ್ನೂ ತರಬಲ್ಲುದೆಂಬುದು ನಿಜ. ಅದರ ಬಾಧೆ ನೇಯ್ಗೆಗಿಂತ ಹತ್ತಿಯನ್ನು ಬಿಡಿಸಿ ಹಿಂಜುವ ಕೆಲಸದಲ್ಲಿ ಹೆಚ್ಚು. ಆದರೆ ಧೂಳೇ ನೇರವಾಗಿ ಶ್ವಾಸನಾಳವನ್ನು ಮೆತ್ತಗಾಗಿಸುತ್ತದೆ ಎಂದು ಹೇಳಲು ಆಧಾರ ಸಾಲದು. ಧೂಳಿನ ಕೆಮ್ಮಿಗೆ ಬೀಡಿಯ ಹೊಗೆ ಸೇರಿದಾಗ ನಾಳದ ಮೇಲೆ ಬೀಳುವ ಹೊರೆ ಹೆಚ್ಚುತ್ತದೆ ಎನ್ನುವುದಷ್ಟೇ ವಿವೇಕದ ಮಾತು.

ವಿರಳವಾದ ಇನ್ನೊಂದು ಕಾರಣವನ್ನು ಅದರ ವೈಚಿತ್ರ್ಯಕ್ಕಾಗಿ ಹೇಳಬೇಕು. ದೇಹವನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ಕೆಲವರಲ್ಲಿ ತನ್ನ ಮೃದ್ವಸ್ಥಿಯ ಮೇಲೆ ತಿರುಗಿಬೀಳುತ್ತದೆ. ಆಗ ಕಿವಿ ಕೆಂಪೇರಿ ಊದಿಕೊಳ್ಳುತ್ತದೆ. ಆದರೆ ಕಿವಿಯ ಹಾಲೆ ಮಾತ್ರ ಎಂದಿನಂತೆಯೇ ಇರುತ್ತದೆ. ವಾಚಕರು ತಮ್ಮ ಕಿವಿಯನ್ನೇ ಮುಟ್ಟಿ ನೋಡಿಕೊಂಡರೆ ಕಾರಣ ಹೊಳೆಯುತ್ತದೆ. ಮೇಲಿನ ಭಾಗದಲ್ಲಿ ಮೃದ್ವಸ್ಥಿ ಇದೆ, ಓಲೆ ತೊಡುವ ಹಾಲೆಯಲ್ಲಿ ಇಲ್ಲ. ಈ ರೋಗ ಮೂಗಿನ ದಂಡೆಯನ್ನೂ ಶ್ವಾಸನಾಳದ ಬಳೆಗಳನ್ನೂ ಕರಗಿಸಬಲ್ಲುದು.

ಲಕ್ಷಣಗಳ ವಿಚಾರ ಚಿಕ್ಕದು. ಬೊಗಳಿದಂತೆ ಕೇಳುವ ಒಡಕು ಕೆಮ್ಮು, ಉಸಿರು ಬಿಡುವಾಗ ಸುಯ್ ಎನ್ನುವ ಸದ್ದು, ಶ್ರಮಪಟ್ಟಾಗ ಏದುಸಿರು, ಹೊರಬಾರದ ಕಫ, ಮೇಲಿಂದ ಮೇಲೆ ಬರುವ ಎದೆಯ ಸೋಂಕು. ಕೆಲವರು ಕೆಮ್ಮುತ್ತ ಕೆಮ್ಮುತ್ತ ಕ್ಷಣಕಾಲ ಎಚ್ಚರ ತಪ್ಪುವುದೂ ಉಂಟು. ಅಂದಹಾಗೆ, ಬೊಗಳುವ ಪ್ರಾಣಿಗೂ ಈ ಕಾಯಿಲೆ ಬಿಟ್ಟಿಲ್ಲ. ಪಾಮೆರೇನಿಯನ್, ಯಾರ್ಕ್‌ಷಯರ್ ಟೆರಿಯರ್‌ಗಳಂತಹ ಗಿಡ್ಡ ತಳಿಯ ನಾಯಿಗಳಲ್ಲಿ ಶ್ವಾಸನಾಳ ಕುಸಿಯುವುದನ್ನು ಪಶುವೈದ್ಯರು ಆಗಾಗ ಕಾಣುತ್ತಾರೆ. ಮುಧೋಳದ ಬೇಟೆನಾಯಿ ಆ ಗಿಡ್ಡರ ಪಂಕ್ತಿಗೆ ಸೇರಿದುದಲ್ಲ.

ದಮ್ಮಿನಲ್ಲಿಯೂ ಉಸಿರು ಬಿಡುವಾಗಲೇ ಸದ್ದು. ಆದರೆ ಅಲ್ಲಿ ಇಕ್ಕಟ್ಟಾಗಿರುವುದು ಶ್ವಾಸಕೋಶದೊಳಗಿನ ಸಣ್ಣ ಸಣ್ಣ ಕವಲುಗಳು. ಅವುಗಳ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ಸೇದಿದರೆ ದಾರಿ ಬಿಡುತ್ತದೆ. ಮೆತ್ತಗಾದ ಶ್ವಾಸನಾಳವನ್ನು ಆ ಔಷಧ ಗಟ್ಟಿ ಮಾಡಲಾರದು. ದಮ್ಮಿನ ಚಿಕಿತ್ಸೆ ಸರಿಯಾಗಿ ನಡೆದೂ ಗುಣ ಕಾಣದಿದ್ದರೆ, ವೈದ್ಯರ ಸಂದೇಹ ಈ ಕಡೆಗೆ ತಿರುಗಬೇಕು. ಎರಡು ರೋಗಗಳೂ ಒಬ್ಬನಲ್ಲಿಯೇ ಇರಬಹುದಾದುದರಿಂದ, ಈ ಲೇಖನವನ್ನು ಓದಿ ಯಾರೂ ತಮ್ಮ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.

ಪರೀಕ್ಷೆಯ ಗುಟ್ಟು ಪಂಪಿನ ರೈತನಿಗೆ ತಿಳಿದಿರುವುದೇ. ರೋಗಿ ಉಸಿರನ್ನು ಒಳಗೆ ಹಿಡಿದು ನಿಂತಾಗ ತೆಗೆದ ಸಾಮಾನ್ಯ ಕ್ಷಕಿರಣ ಚಿತ್ರದಲ್ಲಿ ನಾಳ ದುಂಡಗೆ ಚೆನ್ನಾಗಿಯೇ ಕಾಣುತ್ತದೆ. ಆದುದರಿಂದ ಸಿ.ಟಿ. ಚಿತ್ರವನ್ನು ಉಸಿರು ಒಳಗೆಳೆದಾಗ ಒಮ್ಮೆ, ಬಲವಾಗಿ ಹೊರಬಿಡುತ್ತಿರುವಾಗ ಇನ್ನೊಮ್ಮೆ ತೆಗೆದು ಹೋಲಿಸುತ್ತಾರೆ. ಇದಕ್ಕಿಂತಲೂ ನಂಬಲರ್ಹವಾದುದು ಬ್ರಾಂಕೊಸ್ಕೋಪ್. ಬಳುಕುವ ತೆಳ್ಳನೆಯ ಈ ದರ್ಶಕವನ್ನು ಮೂಗಿನ ಅಥವಾ ಬಾಯಿಯ ಮೂಲಕ ಇಳಿಸಿ, ರೋಗಿಗೆ ಪೂರ್ಣ ನಿದ್ರೆ ಬರಿಸದೆ, ಅವನು ಉಸಿರಾಡುತ್ತ ಕೆಮ್ಮುತ್ತ ಇರುವಾಗಲೇ ನಾಳವನ್ನು ಕಣ್ಣಾರೆ ಕಾಣುತ್ತಾರೆ. ಎಷ್ಟು ಕುಸಿದರೆ ರೋಗ? ದಾರಿಯ ಅರ್ಧಕ್ಕಿಂತ ಹೆಚ್ಚು ಮುಚ್ಚಿದರೆ ರೋಗವೆಂದು ಬಹುಕಾಲ ಎಣಿಸಿದ್ದರು. ಆದರೆ 2009ರಲ್ಲಿ ಅಮೆರಿಕದಲ್ಲಿ 51 ಮಂದಿ ಆರೋಗ್ಯವಂತರನ್ನು ಸಿ.ಟಿ.ಯಿಂದ ಪರೀಕ್ಷಿಸಿದಾಗ, ಬಲವಾಗಿ ಊದುವಾಗ ಅವರಲ್ಲಿ ಮುಕ್ಕಾಲುಪಾಲಿಗೂ ಹೆಚ್ಚು ಜನ ಈ ಗೆರೆಯನ್ನು ದಾಟಿದ್ದು ಕಂಡುಬಂತು. ಅಲ್ಲಿಂದೀಚೆಗೆ ಅನೇಕ ತಜ್ಞರು ಗೆರೆಯನ್ನು ಮೇಲಕ್ಕೇರಿಸಿದ್ದಾರೆ. ಅಳತೆಯೊಂದನ್ನೇ ನಂಬದೆ ರೋಗಿಯ ತೊಂದರೆಯನ್ನೂ ಜೊತೆಗಿಟ್ಟು ತೂಗಬೇಕೆಂಬುದು ನಮಗೂ ಸರಿಯೆನಿಸುತ್ತದೆ.

ಇನ್ನು ಚಿಕಿತ್ಸೆ. ಸತ್ತ ಮೃದ್ವಸ್ಥಿಯನ್ನು ಬದುಕಿಸುವ ಔಷಧ ಇಲ್ಲ. ಬೀಡಿ ಬಿಡುವುದು, ಸೋಂಕನ್ನು ಹತೋಟಿಗೆ ತರುವುದು, ಕಫ ಹೊರಹಾಕುವ ವ್ಯಾಯಾಮಗಳನ್ನು ಕಲಿಯುವುದು, ಜೊತೆಗಿರುವ ಶ್ವಾಸಕೋಶದ ರೋಗಕ್ಕೆ ಮದ್ದು ಮಾಡುವುದು ಮೊದಲ ಹೆಜ್ಜೆ. ತೊಂದರೆ ಕಡಿಮೆಯಿರುವವರಿಗೆ ಇಷ್ಟೇ ಸಾಕಾಗುವುದೂ ಉಂಟು. ತುಟಿಗಳನ್ನು ಸೀಟಿ ಹಾಕುವಂತೆ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವುದರಿಂದ ಕೆಲವರಿಗೆ ಆರಾಮವೆನಿಸುತ್ತದೆ. ಇದರ ಭೌತಶಾಸ್ತ್ರ ಸ್ಪಷ್ಟವಾಗಿದೆ: ಬಾಗಿಲನ್ನು ತುಸು ಮುಚ್ಚಿದರೆ ಒಳದಾರಿಯ ಒತ್ತಡ ಏರುತ್ತದೆ, ಏರಿದ ಒತ್ತಡ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಇದೇ ತತ್ತ್ವವನ್ನು ಯಂತ್ರದಿಂದ ಸಾಧಿಸಬಹುದು. ಮುಖಕ್ಕೆ ಕಟ್ಟಿದ ಮುಸುಕಿನ ಮೂಲಕ ಎಡೆಬಿಡದೆ ಸ್ವಲ್ಪ ಒತ್ತಡದ ಗಾಳಿಯನ್ನು ಊದುವ ಸಿಪ್ಯಾಪ್ ಎಂಬ ಯಂತ್ರವು ನಾಳದೊಳಗೆ ಗಾಳಿಯ ಊರುಗೋಲನ್ನೇ ನಿಲ್ಲಿಸುತ್ತದೆ. ಮುಸುಕನ್ನು ತೆಗೆದರೆ ಊರುಗೋಲೂ ಹೋಯಿತು ಎಂಬುದು ಇದರ ಮಿತಿ.

ನಾಳದೊಳಗೆ ಸ್ಟೆಂಟ್ ಎಂಬ ಗಟ್ಟಿಯಾದ ಒಳಗೊಳವೆಯನ್ನು ಕೂರಿಸುವುದು ಇನ್ನೊಂದು ವಿಧಾನ. ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟನ್ನು ಎಲ್ಲರೂ ಕೇಳಿರುವುದರಿಂದ, ಇದೂ ಅಷ್ಟೇ ಸುಲಭವೆಂದು ಜನ ತಿಳಿಯುತ್ತಾರೆ. ಹಾಗಲ್ಲ. ಶ್ವಾಸನಾಳದ ಒಳಮೈಯಲ್ಲಿ ಸೂಕ್ಷ್ಮವಾದ ರೋಮಗಳಿದ್ದು ಅವು ಕಫವನ್ನು ಮೇಲಕ್ಕೆ ಸಾಗಿಸುತ್ತಿರುತ್ತವೆ. ಸ್ಟೆಂಟು ಈ ಸಾಗಾಟವನ್ನು ತಡೆಯುತ್ತದೆ. ಅದರೊಳಗೆ ಕಫ ಕಟ್ಟಿಕೊಳ್ಳಬಹುದು, ಅದು ಜಾರಬಹುದು, ಅಂಚಿನಲ್ಲಿ ಮಾಂಸ ಬೆಳೆಯಬಹುದು. ಲೋಹದ ಸ್ಟೆಂಟಿನ ಜಾಲರಿಯೊಳಗೆ ಮಾಂಸ ಬೆಳೆದುಬಿಟ್ಟರೆ ತೆಗೆಯುವುದೇ ಕಷ್ಟ. ಅರ್ಬುದವಲ್ಲದ ಶ್ವಾಸನಾಳದ ರೋಗಗಳಲ್ಲಿ ಲೋಹದ ಸ್ಟೆಂಟುಗಳನ್ನು ಬಳಸುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಎಚ್ಚರಿಕೆಯನ್ನೇ ಕೊಟ್ಟಿತು. ಸಿಲಿಕೋನಿನ ಸ್ಟೆಂಟನ್ನು ತೆಗೆಯಬಹುದು. ಆದುದರಿಂದ ಕೆಲವು ಕೇಂದ್ರಗಳಲ್ಲಿ ಅದನ್ನು ಒಂದೆರಡು ವಾರಗಳ ಮಟ್ಟಿಗೆ ಪರೀಕ್ಷೆಗಾಗಿ ಇರಿಸುತ್ತಾರೆ. ನಾಳ ತೆರೆದು ನಿಂತಾಗ ರೋಗಿಗೆ ನಿಜವಾಗಿಯೂ ಸುಖ ಕಂಡಿತೆ? ಕಂಡರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಆಶೆ ಇದೆ. ಕಾಣದಿದ್ದರೆ ತೊಂದರೆಯ ಮೂಲ ಬೇರೆಡೆ ಇರಬೇಕು. ದೊಡ್ಡದೊಂದು ಶಸ್ತ್ರಚಿಕಿತ್ಸೆಯ ಕಷ್ಟ ತಪ್ಪಿತು. ಈ ಇಡೀ ವಿಷಯದಲ್ಲಿ ನಮಗೆ ಬಹಳ ಮೆಚ್ಚುಗೆಯಾದ ಯುಕ್ತಿ ಇದು.

ಶಸ್ತ್ರಚಿಕಿತ್ಸೆಯ ಹಿಂದಿನ ಆಲೋಚನೆ ಹಳೆಯದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ರುಡಾಲ್ಫ್ ನಿಸ್ಸೆನ್ ಎಂಬ ಶಸ್ತ್ರವೈದ್ಯರು 1954ರಲ್ಲಿ, ಜೋಲುಬಿದ್ದ ಹಿಂದಿನ ಪೊರೆಗೆ ಮೂಳೆಯ ತುಂಡನ್ನು ಆಸರೆಯಾಗಿ ಹೊಲಿದ ವಿಧಾನವನ್ನು ಪ್ರಕಟಿಸಿದರು. ಮೂಳೆಯ ಸ್ಥಾನವನ್ನು ಈಗ ನೂಲು ಪಡೆದಿದೆ. ಪಾಲಿಪ್ರೊಪಿಲೀನ್ ಎಂಬ ಕೃತಕ ಎಳೆಯಿಂದ ಹೆಣೆದ ಜಾಲರಿಯನ್ನು ಬೇಕಾದ ಅಗಲಕ್ಕೆ ಕತ್ತರಿಸಿ, ಎದೆಯ ಬಲಪಾರ್ಶ್ವವನ್ನು ತೆರೆದು, ಪೊರೆಯ ಹೊರಮೈಗೆ ಸಾಲುಸಾಲಾಗಿ ಹೊಲಿಯುತ್ತಾರೆ. ಅಗಲವಾಗಿ ಬಾಯ್ದೆರೆದ ಲಾಳದ ತುದಿಗಳು ಹತ್ತಿರ ಬಂದು ಪೊರೆ ಬಿಗಿಯಾಗುತ್ತದೆ. ಹೊಲಿಗೆ ನಾಳದ ಒಳಕ್ಕೆ ಇಳಿಯಬಾರದು. ರಬಕವಿ ಬನಹಟ್ಟಿಯ ನೇಕಾರರಿಗೆ ಇದನ್ನು ವಿವರಿಸಿದರೆ ನಮಗಿಂತ ಬೇಗ ಅರ್ಥ ಮಾಡಿಕೊಂಡಾರು. ಸಡಿಲವಾದ ಹಾಸನ್ನು ಸಮನಾಗಿ ಬಿಗಿಯುವುದು ಅವರ ನಿತ್ಯದ ಕೆಲಸ. ಜಾಲರಿಯ ಕಣ್ಣುಗಳೊಳಗೆ ದೇಹದ ತಂತುಗಳು ಕ್ರಮೇಣ ಬೆಳೆದು ಆಸರೆ ಗಟ್ಟಿಯಾಗುತ್ತದೆ. ಇದು ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲ. ಈ ಕೆಲಸದಲ್ಲಿ ಪಳಗಿದ ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ, ಆಯ್ದ ರೋಗಿಗಳಿಗೆ ಮಾತ್ರ ಮಾಡುವಂತಹುದು. ಬುಗ್ಗೆಯ ಒತ್ತಡದಿಂದ ಚಿಕ್ಕ ಭಾಗವಷ್ಟೇ ಕೆಟ್ಟಿದ್ದರೆ ಜಾಲರಿಯ ಅವಶ್ಯಕತೆಯಿಲ್ಲ. ಆ ಭಾಗವನ್ನೇ ಕತ್ತರಿಸಿ ತೆಗೆದು ಎರಡು ತುದಿಗಳನ್ನು ಕೂಡಿಸಬಹುದು. ಬೆಳೆದವರಲ್ಲಿ ನಾಳದ ಸುಮಾರು ಅರ್ಧದವರೆಗೂ ಹೀಗೆ ತೆಗೆಯಲು ಸಾಧ್ಯವೆಂಬುದನ್ನು ತೋರಿಸಿದವರಲ್ಲಿ ಮೇಲೆ ಹೇಳಿದ ಗ್ರಿಲ್ಲೋ ಪ್ರಮುಖರು.

2012ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಮತ್ತು ಎಂಜಿನಿಯರುಗಳು, ಶ್ವಾಸನಾಳದ ಕವಲು ಕುಸಿಯುತ್ತಿದ್ದ ಒಂದು ಶಿಶುವಿಗೆ, ಯಂತ್ರದಿಂದ ಪದರಪದರವಾಗಿ ಅಚ್ಚುಹಾಕಿ ರೂಪಿಸಿದ ಹೊರಕವಚವನ್ನು ತೊಡಿಸಿದರು. ಅದು ಸುಮಾರು ಮೂರು ವರ್ಷಗಳಲ್ಲಿ ದೇಹದಲ್ಲಿಯೇ ಕರಗಿಹೋಗುವ ಪದಾರ್ಥದ್ದು. ಬೆಳೆಯುವ ಶಿಶುವಿಗೆ ಇದು ಒಪ್ಪುತ್ತದೆ. ಅಷ್ಟರಲ್ಲಿ ಅದರ ಸ್ವಂತ ಬಳೆಗಳು ಬಲಿಯುತ್ತವೆ. ಬೆಳೆದವರ ಸವೆದ ನಾಳಕ್ಕೆ ಕರಗದ ಆಸರೆಯೇ ಬೇಕು.

ಈ ನಾಲ್ಕು ಊರುಗಳವರು ಇಂತಹ ಸಂದೇಹ ಬಂದಾಗ ಬಾಗಲಕೋಟೆ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿಗಳ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೆ ಹೋಗಿ ಶ್ವಾಸಕೋಶದ ತಜ್ಞರನ್ನು ಕಾಣಬಹುದು. ಹೋಗುವಾಗ ಹಿಂದಿನ ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಕಾಗದವನ್ನು ತಪ್ಪದೆ ಒಯ್ಯಬೇಕು. ರೋಗಿ ಎಷ್ಟು ದಿನ ಉಸಿರಿನ ಯಂತ್ರದಲ್ಲಿದ್ದನು, ಕೊಳವೆಯನ್ನು ಬಾಯಿಯಿಂದ ಇಳಿಸಿದ್ದರೇ ಕುತ್ತಿಗೆಯಲ್ಲಿ ರಂಧ್ರ ಮಾಡಿ ಇಳಿಸಿದ್ದರೇ, ಅದನ್ನು ತೆಗೆದ ಎಷ್ಟು ವಾರಗಳ ಮೇಲೆ ಸದ್ದು ಮೊದಲಾಯಿತು, ಆ ಸದ್ದು ಉಸಿರನ್ನು ಎಳೆಯುವಾಗಲೋ ಬಿಡುವಾಗಲೋ ಎಂಬ ಇಷ್ಟು ವಿವರಗಳನ್ನು ಕೇಳಿದರೆ, ನಾಳದ ಯಾವ ಭಾಗವನ್ನು ಮೊದಲು ನೋಡಬೇಕೆಂಬುದು ತಜ್ಞರಿಗೆ ಬ್ರಾಂಕೊಸ್ಕೋಪನ್ನು ಕೈಗೆತ್ತಿಕೊಳ್ಳುವ ಮೊದಲೇ ಬಹುಮಟ್ಟಿಗೆ ತಿಳಿದಿರುತ್ತದೆ.